ತೆರೆದ ಪಠ್ಯ, ಕೇಳದ ದನಿ: ತೆಂಗಿನ ಸೀಮೆಯ ಹಿನ್ನೆಲೆಯಲ್ಲಿ ಮುಕ್ತ ಪ್ರಕಟಣೆಯ ಪರಾಮರ್ಶೆ

ಕಳೆದ ಇಪ್ಪತ್ತು ವರ್ಷಗಳಲ್ಲಿ ಕನ್ನಡದ ವಿದ್ವತ್ ಬರವಣಿಗೆಗೆ ಬಂದು ಸೇರಿದ ಪರಿಭಾಷೆಗಳಲ್ಲಿ ‘ಮುಕ್ತ ತಂತ್ರಾಂಶ’, ‘ಮುಕ್ತ ಪ್ರಕಟಣೆ’, ‘ಮುಕ್ತ ಜ್ಞಾನ’ ಎಂಬವು ಪ್ರಮುಖವಾದವು. ಇವುಗಳ ಬೆನ್ನಿಗೇ ‘ಸಾಮಾಜಿಕ ಒಳಗೊಳ್ಳುವಿಕೆ’ ಎಂಬ ಮಾತೂ ಬಂದಿದೆ. ಎರಡನ್ನೂ ಒಟ್ಟಿಗೆ ಉಚ್ಚರಿಸುವ ರೂಢಿ ಎಷ್ಟು ಬಲವಾಗಿದೆಯೆಂದರೆ, ಗ್ರಂಥವೊಂದು ಮುಕ್ತ ಪರವಾನಗಿಯಡಿ ಹೊರಬಂದಿತೆಂದರೆ ಹೊರಗುಳಿದವರು ಒಳಗೆ ಬಂದಂತೆಯೇ ಸರಿ ಎಂಬ ನಂಬಿಕೆ ಪ್ರಶ್ನೆಗೆ ಒಳಗಾಗದೆ ಉಳಿದುಬಿಟ್ಟಿದೆ. ಈ ನಂಬಿಕೆಯನ್ನು ಒಂದು ನಿರ್ದಿಷ್ಟ ಸೀಮೆಯ ನೆಲೆಯಲ್ಲಿ ನಿಂತು ಪರೀಕ್ಷಿಸುವ ಅಗತ್ಯವಿದೆ.

ಮೊದಲಿಗೆ ಪದದ ವಿಚಾರ. ‘ಋಣಮುಕ್ತ’, ‘ರೋಗಮುಕ್ತ’ ಎಂಬ ಸಮಾಸಗಳಲ್ಲಿ ಬಿಡುಗಡೆ ಯಾವುದರಿಂದ ಎಂಬುದು ಪೂರ್ವಪದದಲ್ಲಿಯೇ ಇರುತ್ತದೆ. ‘ಮುಕ್ತ ಪ್ರಕಟಣೆ’ ಎಂಬಲ್ಲಿ ಅದು ಇಲ್ಲ. ಬೆಲೆಯಿಂದ ಬಿಡುಗಡೆಯೋ, ಕೃತಿಸ್ವಾಮ್ಯದ ನಿರ್ಬಂಧದಿಂದಲೋ, ಪ್ರಕಾಶಕನ ಹಿಡಿತದಿಂದಲೋ, ಅಥವಾ ಲಿಪಿಬಲ್ಲವರ ಏಕಸ್ವಾಮ್ಯದಿಂದಲೋ? ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದಾಗ ಅವರ ಮುಂದಿದ್ದುದು ಎರಡನೆಯ ಬಗೆಯ ಬಿಡುಗಡೆ: ತಂತ್ರಾಂಶದ ಆಕರ ಸಂಕೇತವನ್ನು ಓದುವ, ತಿದ್ದುವ, ನಕಲು ಮಾಡಿ ಹಂಚುವ ಸ್ವಾತಂತ್ರ್ಯ. 2002ರಲ್ಲಿ ಹೊರಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಅದೇ ಸ್ವಾತಂತ್ರ್ಯವನ್ನು ಪುಸ್ತಕ, ಚಿತ್ರ, ಸಂಗೀತಗಳಿಗೆ ವಿಸ್ತರಿಸಿದವು. ಅದೇ ವರ್ಷದ ಬುಡಾಪೆಸ್ಟ್ ಘೋಷಣೆ ವಿದ್ವತ್ ಲೇಖನಗಳಿಗೆ ಅದನ್ನು ಕೋರಿತು. ಮೂರರಲ್ಲಿಯೂ ಸ್ವಾತಂತ್ರ್ಯ ದೊರೆಯುವುದು ಪ್ರತಿಯೊಂದು ಕೈಗೆ ಬಂದು, ಅದನ್ನು ಓದಬಲ್ಲ ವ್ಯಕ್ತಿಗೆ. ಪ್ರತಿಯೇ ಸಿಗದವರ, ಸಿಕ್ಕರೂ ಓದಲಾಗದವರ, ಓದಿದರೂ ಅದರಲ್ಲಿ ತಮ್ಮ ಸುಳಿವನ್ನೇ ಕಾಣದವರ ವಿಷಯದಲ್ಲಿ ಪರವಾನಗಿ ಏನನ್ನೂ ಹೇಳುವುದಿಲ್ಲ. ಹೇಳಬೇಕೆಂದು ಅಪೇಕ್ಷಿಸುವುದೂ ಸರಿಯಲ್ಲ, ಏಕೆಂದರೆ ಅದು ಕಾನೂನಿನ ಒಂದು ಪತ್ರ ಮಾತ್ರ. ತೊಡಕು ಇರುವುದು ಆ ಪತ್ರವನ್ನೇ ಚಳವಳಿ ಎಂದು ಭಾವಿಸುವುದರಲ್ಲಿ.

ತುಮಕೂರು ಜಿಲ್ಲೆಯ ಪಶ್ಚಿಮ ಭಾಗದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ಇಲ್ಲಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಕಲ್ಪತರು ನಾಡು ಎಂದು ಹೆಸರಾದ ಈ ಸೀಮೆಯನ್ನು ಕುರಿತು ಲಿಖಿತ ಸಾಮಗ್ರಿಗೆ ಕೊರತೆಯಿಲ್ಲ. ಅದರಲ್ಲಿ ಬಹುಭಾಗ ಈಗ ಮುಕ್ತವಾಗಿಯೂ ಇದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟ, ಅಂದರೆ ತುಮಕೂರು ಜಿಲ್ಲೆಯ ಶಾಸನಗಳು, 1904ರಲ್ಲಿ ಪ್ರಕಟವಾಯಿತು. ಅದರ ಕೃತಿಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಅರಳಗುಪ್ಪೆಯ ಕಲ್ಲೇಶ್ವರ, ವಿಘ್ನಸಂತೆಯ ಲಕ್ಷ್ಮೀನರಸಿಂಹ, ತುರುವೇಕೆರೆಯ ಮೂಲೆ ಶಂಕರೇಶ್ವರ ದೇವಾಲಯಗಳ ಈ ಪ್ರದೇಶದ ಶಾಸನಗಳನ್ನು ಬಯಸಿದವರು ಇಂದು ಹಣ ಕೊಡದೆ ಓದಬಹುದು. ರೈಸ್ ಅವರು ಪ್ರತಿ ಶಾಸನವನ್ನೂ ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ ಹೀಗೆ ಮೂರು ಬಗೆಯಾಗಿ ಕೊಟ್ಟರು. ಒಂದೇ ಪಠ್ಯವನ್ನು ಬೇರೆ ಬೇರೆ ಓದುಗರಿಗೆ ಬೇರೆ ಬೇರೆ ರೂಪದಲ್ಲಿ ಒದಗಿಸಬೇಕೆಂಬ ಎಚ್ಚರ ಆಡಳಿತದ ಅಗತ್ಯದಿಂದ ಹುಟ್ಟಿದ್ದಾದರೂ, ನೂರು ವರ್ಷಗಳ ನಂತರದ ಎಷ್ಟೋ ಮುಕ್ತ ಸಂಗ್ರಹಗಳಲ್ಲಿ ಆ ಎಚ್ಚರವೂ ಇಲ್ಲ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು 1946ರಲ್ಲಿ ತೀರಿಕೊಂಡರು. ಲೇಖಕನ ಮರಣಾನಂತರ ಅರವತ್ತು ವರ್ಷ ಎಂಬ ಭಾರತದ ಕಾನೂನಿನ ಲೆಕ್ಕದಂತೆ ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2007ರ ಜನವರಿಯಿಂದ ಸಾರ್ವಜನಿಕ ಸ್ವತ್ತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರ ಮರಣ 1966ರಲ್ಲಿ. ಅವರ ಕೃತಿಗಳಿಗೆ ಅದೇ ಲೆಕ್ಕ 2027ರ ಜನವರಿಯಿಂದ. ಹೀಗೆ ಕಾಲವೇ ತೆರೆಯುವ ಬಾಗಿಲು ಒಂದು ಬಗೆಯದು. ಸ್ವತ್ತಿನ ಒಡೆಯರೇ ಮುಂದಾಗಿ ತೆರೆಯುವುದು ಇನ್ನೊಂದು ಬಗೆಯದು. 1969ರಿಂದ 2004ರವರೆಗೆ ಹದಿನಾಲ್ಕು ಸಂಪುಟಗಳಲ್ಲಿ ಬಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಳಪಟ್ಟಿತು. ಅದೇ ವರ್ಷ ನಿರಂಜನರ ಕೃತಿಗಳನ್ನು ಅವರ ಕುಟುಂಬದವರು ಅಂತಹುದೇ ಪರವಾನಗಿಯಡಿ ಬಿಟ್ಟುಕೊಟ್ಟರು. ನಿರಂಜನರ ಬರಹಗಳಿಗೆ ಕಾನೂನಿನ ರಕ್ಷಣೆ ಇನ್ನೂ ದಶಕಗಳ ಕಾಲ ಇತ್ತು. ದುಡಿಯುವ ಜನರ ಬಗ್ಗೆ ಬರೆದ ಲೇಖಕನ ಕೃತಿಗಳು ಅವಧಿಗೆ ಮೊದಲೇ ಆ ಜನರಿಗೆ ತೆರೆದುಕೊಂಡದ್ದು ಕನ್ನಡದ ಮುಕ್ತ ಪ್ರಕಟಣೆಯ ಚರಿತ್ರೆಯಲ್ಲಿ ಗೌರವಕ್ಕೆ ಅರ್ಹವಾದ ಘಟನೆ.

ಇಷ್ಟೆಲ್ಲ ತೆರೆದ ಮೇಲೆ ತೆಂಗಿನ ಸೀಮೆಯ ಯಾರ ಬದುಕು ಕಾಣಿಸಿತು? ಶಾಸನಗಳಲ್ಲಿ ದಾನಿ, ಅರಸು, ಅಗ್ರಹಾರ, ಗಡಿಕಲ್ಲು, ಕಾದಿ ಸತ್ತ ವೀರ ಇದ್ದಾರೆ. ವಿಶ್ವಕೋಶದ ತಾಲ್ಲೂಕು ಲೇಖನಗಳು ಗ್ಯಾಸೆಟಿಯರಿನ ಜಾಡಿನಲ್ಲಿ ನಡೆಯುತ್ತವೆ: ಎಲ್ಲೆ, ಮಳೆ, ಮಣ್ಣು, ಬೆಳೆ, ವ್ಯಾಪಾರ, ದೇವಾಲಯ. ತೆಂಗು ಅಲ್ಲಿ ಬೆಳೆಯ ಹೆಸರು. ಮರ ಹತ್ತುವವನ ಎದೆಯ ಮೇಲಿನ ಗೀರು ಅದರೊಳಗೆ ಬರುವುದಿಲ್ಲ. ಉಂಡೆ ಕೊಬ್ಬರಿ ಆಗುವ ಬಗೆಯನ್ನು ನೋಡಿದರೆ ಈ ಅಭಾವದ ಸ್ವರೂಪ ತಿಳಿಯುತ್ತದೆ. ಬಲಿತ ಕಾಯಿಯನ್ನು ಮಟ್ಟೆ ಸಹಿತ ಅಟ್ಟಕ್ಕೆ ಏರಿಸಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಬರುವ ಸದ್ದಿನಿಂದಲೇ ಅದು ಆಗಿದೆಯೇ, ಇನ್ನೂ ಹಸಿಯೇ, ಕೆಟ್ಟಿದೆಯೇ ಎಂಬುದನ್ನು ಬಲ್ಲವರು ಹೇಳುತ್ತಾರೆ. ಉಂಡೆಗೆ ಪೆಟ್ಟಾಗದಂತೆ ಕರಟ ಬಿಡಿಸುವುದು ಮತ್ತೊಂದು ಕೌಶಲ. ಒಡೆದರೆ ಅದು ಹೋಳು, ಬೆಲೆ ಬೇರೆ. ಈ ಕೆಲಸದಲ್ಲಿ ತೊಡಗಿದವರಲ್ಲಿ ಭೂಮಿಯಿಲ್ಲದ ಹೆಣ್ಣುಮಕ್ಕಳು, ದಿನಗೂಲಿಯ ದಲಿತ ಮತ್ತು ಹಿಂದುಳಿದ ಕುಟುಂಬಗಳವರು ಅನೇಕರು. ಈ ಜ್ಞಾನ ಕಿವಿಯಲ್ಲೂ ಕೈಯಲ್ಲೂ ಇದೆ, ಪುಸ್ತಕದಲ್ಲಿಲ್ಲ. ಆದ್ದರಿಂದ ಪುಸ್ತಕ ಮುಕ್ತವಾದುದರಿಂದ ಅದಕ್ಕೆ ಆದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಸಾಹಿತ್ಯದ ಆಚೆ, ಸರ್ಕಾರಿ ದಾಖಲೆಗಳ ಲೋಕದಲ್ಲಿ ಇದೇ ಅಂತರ ಹಣದ ರೂಪ ತಾಳುತ್ತದೆ. ಕರ್ನಾಟಕದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ದಾಖಲೆ ಎಲ್ಲರಿಗೂ ಸಿಗುವಂತಾಯಿತೆಂದು ದೇಶವಿದೇಶಗಳಲ್ಲಿ ಅದಕ್ಕೆ ಪ್ರಶಂಸೆ ಬಂದಿತು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲಿನ ಪ್ರದೇಶವನ್ನು ಅಧ್ಯಯನ ಮಾಡಿ 2007ರಲ್ಲಿ ಮಂಡಿಸಿದ ವಾದ ಬೇರೆಯೇ ಆಗಿತ್ತು: ದಾಖಲೆಯನ್ನು ಬಳಸಿಕೊಳ್ಳುವ ಶಕ್ತಿ ಮೊದಲೇ ಇದ್ದವರಿಗೆ, ದೊಡ್ಡ ಭೂವ್ಯವಹಾರಸ್ಥರಿಗೆ ಅದು ಅನುಕೂಲ ಮಾಡಿಕೊಟ್ಟಿತು ಎಂಬುದು. ಮೈಕೆಲ್ ಗರ್ಸ್ಟೀನ್ 2011ರಲ್ಲಿ ಈ ಉದಾಹರಣೆಯನ್ನೇ ಹಿಡಿದು, ತೆರೆದ ದತ್ತಾಂಶ ಬಲ್ಲಿದರನ್ನೇ ಇನ್ನಷ್ಟು ಬಲಗೊಳಿಸಬಹುದೆಂದು ಎಚ್ಚರಿಸಿದರು. ತೆಂಗಿನ ಸೀಮೆಗೆ ಈ ಮಾತು ಹೊರಗಿನದಲ್ಲ. 2024ರ ಹಂಗಾಮಿನಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ರಾಜ್ಯ ಸರ್ಕಾರ 1,500 ರೂಪಾಯಿ ಸೇರಿಸಿತು. ನಾಫೆಡ್ ಖರೀದಿಗಾಗಿ ನಡೆದ ಮೊದಲ ನೋಂದಣಿಯಲ್ಲಿ ಅಕ್ರಮದ ದೂರುಗಳು ಬಂದು ಅದನ್ನು ರದ್ದುಪಡಿಸಿ ಮರುನೋಂದಣಿ ನಡೆಸಬೇಕಾಯಿತು. ನೋಂದಣಿಗೆ ಆಧಾರವಾದುದು ರೈತರ ಗಣಕೀಕೃತ ದಾಖಲೆ. ಆ ದಾಖಲೆಗೆ ಆಧಾರ ಜಮೀನಿನ ಸರ್ವೆ ನಂಬರು. ಬೆಳೆಗಾರನೇ ಸಾಲಿನಲ್ಲಿ ಪರದಾಡಿದ ಈ ಪ್ರಸಂಗದಲ್ಲಿ ಮರ ಹತ್ತುವವನಿಗೂ ಕರಟ ಬಿಡಿಸುವವಳಿಗೂ ಸಾಲೇ ಇರಲಿಲ್ಲ.

ಹೀಗೆಂದು ಮುಕ್ತ ಪ್ರಕಟಣೆ ಹೊರಗಿನಿಂದ ಬಂದ ಸೊಗಸು ಮಾತ್ರ ಎಂದು ತಳ್ಳಿಹಾಕುವುದು ಚರಿತ್ರೆಯ ಅಜ್ಞಾನವಾಗುತ್ತದೆ. ಪರವಾನಗಿಯ ಹೆಸರಿಲ್ಲದೆಯೇ ಕನ್ನಡದಲ್ಲಿ ಮುಕ್ತ ಪ್ರಕಟಣೆಯನ್ನು ಚಳವಳಿಯ ಸಾಧನವಾಗಿ ಬಳಸಿದವರು ದಲಿತ ಸಂಘರ್ಷ ಸಮಿತಿಯವರು. 1970ರ ದಶಕದಲ್ಲಿ ‘ಪಂಚಮ’ ಪತ್ರಿಕೆ, ಕರಪತ್ರಗಳು, ಜಾಥಾಗಳು, ಹೋರಾಟದ ಹಾಡುಗಳು ಊರೂರು ಅಲೆದವು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪುಸ್ತಕವಾಯಿತು. ಆದರೆ ಆ ಹಾಡುಗಳು ಪುಸ್ತಕ ಕೊಂಡವರಿಗಿಂತ ಎಷ್ಟೋ ಪಾಲು ಹೆಚ್ಚು ಜನರಿಗೆ ಬಾಯಿಪಾಠವಾಗಿ ತಲುಪಿದವು. ಹಾಡುವವರು ಅನುಮತಿ ಕೇಳಲಿಲ್ಲ, ಕವಿಯೂ ಅದನ್ನು ನಿರೀಕ್ಷಿಸಲಿಲ್ಲ. ಸಾಲನ್ನು ಊರಿನ ಸಂದರ್ಭಕ್ಕೆ ತಕ್ಕಂತೆ ಬದಲಿಸಿಕೊಂಡು ಹಾಡುವುದೂ ಇತ್ತು. ನಕಲು, ತಿದ್ದುಪಡಿ, ಮರುಹಂಚಿಕೆ ಎಂಬ ಮೂರು ಸ್ವಾತಂತ್ರ್ಯಗಳೂ ಅಲ್ಲಿದ್ದವು. ಮುಖ್ಯ ಸಂಗತಿಯೆಂದರೆ, ಅಲ್ಲಿ ಜನ ಮೊದಲು ಸೇರಿದರು. ಪಠ್ಯ ಅವರ ನಡುವೆ ತೆರೆದುಕೊಂಡಿತು. ಈಚಿನ ಮುಕ್ತ ಜ್ಞಾನದ ಯೋಜನೆಗಳಲ್ಲಿ ಪಠ್ಯ ಮೊದಲು ತೆರೆಯುತ್ತದೆ, ಜನ ಬಂದಾರೆಂದು ಕಾಯಲಾಗುತ್ತದೆ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಡುವ ಧ್ಯೇಯದಿಂದ ನಡೆದದ್ದೂ ಇದೇ ಪರಂಪರೆಗೆ ಸಮೀಪದ್ದು, ಅಲ್ಲಿನ ಕೃಷಿಕ ಬಹುಮಟ್ಟಿಗೆ ತೋಟದ ಒಡೆಯನೇ ಆಗಿದ್ದರೂ.

ಇನ್ನು ತಂತ್ರಾಂಶದ ಪ್ರಶ್ನೆ. ಕನ್ನಡದಲ್ಲಿ ‘ಉಚಿತ’ ಮತ್ತು ‘ಮುಕ್ತ’ ಇವುಗಳ ನಡುವಣ ವ್ಯತ್ಯಾಸವನ್ನು ಬಹುಕಾಲ ಮರೆಯಲಾಗಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಅವರು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು; ಇಂದು ಕನ್ನಡದ ಬಹುಪಾಲು ಬೆರಳಚ್ಚು ನಡೆಯುತ್ತಿರುವುದು ಅದನ್ನು ಆಧರಿಸಿಯೇ. 1998ರಲ್ಲಿ ಬಂದ ‘ಬರಹ’, ಆನಂತರ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ತಂದ ‘ನುಡಿ’ ಇವು ಹಣವಿಲ್ಲದೆ ದೊರೆತು ಕನ್ನಡವನ್ನು ಗಣಕದ ಮೇಲೆ ನೆಲೆಗೊಳಿಸಿದವು. ಅವುಗಳ ಉಪಕಾರ ದೊಡ್ಡದು. ಆದರೆ ಯುನಿಕೋಡ್ ಪೂರ್ವದ ಅಕ್ಷರ ವಿನ್ಯಾಸಗಳಲ್ಲಿ ಕನ್ನಡದ ಅಕ್ಷರ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿದ್ದವು. ಪರದೆಯ ಮೇಲೆ, ಕಾಗದದ ಮೇಲೆ ಅವು ಕನ್ನಡವೇ. ಗಣಕದ ಲೆಕ್ಕದಲ್ಲಿ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿತ್ತು. ಕರ್ನಾಟಕ ಸರ್ಕಾರ ಅದನ್ನು ಆದೇಶದ ಮೂಲಕ ಒಪ್ಪಿಕೊಂಡದ್ದು 2012ರಲ್ಲಿ.

ಈ ಇಪ್ಪತ್ತೊಂದು ವರ್ಷಗಳ ಅಂತರ ಯಾರಿಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ದೃಷ್ಟಿಮಾಂದ್ಯರ ನೆಲೆಯಿಂದ ನೋಡಬೇಕು. ಆಸ್ಟ್ರೇಲಿಯದ ಇಬ್ಬರು ಅಂಧ ತಂತ್ರಜ್ಞರಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಕಟ್ಟಿದ ‘ಎನ್‌ವಿಡಿಎ’ ಎಂಬ ಪರದೆವಾಚಕದ ಕೆಲಸ 2006ರಲ್ಲಿ ಆರಂಭವಾಯಿತು. ದುಬಾರಿ ವಾಣಿಜ್ಯ ತಂತ್ರಾಂಶಗಳನ್ನು ಕೊಳ್ಳಲಾಗದ ಅಂಧರಿಗಾಗಿ ಅಂಧರೇ ಬರೆದ, ಆಕರ ಸಂಕೇತ ಸಹಿತ ಬಿಡುಗಡೆಯಾದ ತಂತ್ರಾಂಶ ಅದು. ಅದರೊಂದಿಗೆ ಬಳಕೆಯಾಗುವ ‘ಇ-ಸ್ಪೀಕ್’ ಎಂಬ ಮುಕ್ತ ಧ್ವನಿ ಸಾಧನದಲ್ಲಿ ಕನ್ನಡವೂ ಸೇರಿದೆ. ದನಿ ಯಾಂತ್ರಿಕ, ಒರಟು. ಆದರೂ ತಿಪಟೂರಿನ ಕಾಲೇಜಿನಲ್ಲಿ ಓದುವ ಅಂಧ ವಿದ್ಯಾರ್ಥಿಗೆ ಕನ್ನಡ ಪುಸ್ತಕವನ್ನು ಮತ್ತೊಬ್ಬರ ಹಂಗಿಲ್ಲದೆ ಕೇಳಿಸಬಲ್ಲದ್ದು ಅದು. ಆಕರ ಸಂಕೇತ ತೆರೆದಿರುವುದಕ್ಕೂ ಒಳಗೊಳ್ಳುವಿಕೆಗೂ ನೇರ ಸಂಬಂಧ ಇರುವ ನಿದರ್ಶನ ಇದು: ಕನ್ನಡದ ಮಾರುಕಟ್ಟೆ ಸಣ್ಣದೆಂದು ವಾಣಿಜ್ಯ ಸಂಸ್ಥೆ ಕೈಬಿಡಬಹುದಾದ ಕೆಲಸವನ್ನು ಕನ್ನಡ ಬಲ್ಲವರು ತಾವೇ ಸೇರಿಸಲು ಅಲ್ಲಿ ಅವಕಾಶವಿತ್ತು.

ಈ ಸಾಧನದ ಮುಂದೆ ಅಕಾಡೆಮಿಗಳ, ವಿಶ್ವವಿದ್ಯಾನಿಲಯಗಳ, ಪ್ರಾಧಿಕಾರಗಳ ಹಳೆಯ ಪ್ರಕಟಣೆಗಳನ್ನು ಇಟ್ಟರೆ ಏನಾಗುತ್ತದೆ? ಹಳೆಯ ಅಕ್ಷರ ವಿನ್ಯಾಸದಲ್ಲಿದ್ದ ಕಡತವಾದರೆ ಅದು ಕನ್ನಡವನ್ನು ಬಿಟ್ಟು ಇಂಗ್ಲಿಷ್ ಅಕ್ಷರಗಳನ್ನು ಗೊಣಗುತ್ತದೆ. ಪುಟಗಳ ಛಾಯಾಪ್ರತಿಯಾದರೆ ಮೌನ. ಹಳೆಯ ವಿನ್ಯಾಸದಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ಸ್ವಯಂಸೇವಕರು ಬರೆದು ಆಕರ ಸಹಿತ ಹಂಚಿದ್ದಾರೆ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದರಿಂದ ಕರಡು ತಿದ್ದುವವರು ಬೇಕು. ತಿದ್ದುವವರಿಗೆ ಸಂಬಳ ಬೇಕು. 2012ರ ಕೃತಿಸ್ವಾಮ್ಯ ತಿದ್ದುಪಡಿ ಅಂಗವಿಕಲರ ಬಳಕೆಗಾಗಿ ಕೃತಿಯನ್ನು ಸುಲಭಗ್ರಾಹ್ಯ ರೂಪಕ್ಕೆ ತರಲು ಸ್ವಾಮ್ಯದ ತಡೆಯನ್ನು ತೆಗೆದಿದೆ. 2013ರ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊತ್ತಮೊದಲು ಅನುಮೋದಿಸಿದ ದೇಶವೂ ಭಾರತವೇ. ಹೀಗಿರುವಾಗ ಕಾನೂನಿನ ಅಡ್ಡಿಯನ್ನು ಹೇಳಿ ಜಾರಿಕೊಳ್ಳುವಂತಿಲ್ಲ. ‘ವಚನ ಸಂಚಯ’ ಸರ್ಕಾರದ ಸಮಗ್ರ ವಚನ ಸಂಪುಟಗಳನ್ನು ಆಧರಿಸಿ ವಚನಗಳನ್ನು ಯುನಿಕೋಡಿನಲ್ಲಿ, ಪದಪದವನ್ನೂ ಹುಡುಕುವಂತೆ ಒದಗಿಸಿದ್ದು ಹೇಗೆ ಮಾಡಬೇಕೆಂಬುದಕ್ಕೆ ಮಾದರಿ. ಅದನ್ನು ಮಾಡಿದ್ದು ಬೆರಳೆಣಿಕೆಯ ವಿದ್ವಾಂಸರು ಮತ್ತು ತಂತ್ರಜ್ಞರು ಎಂಬುದನ್ನು ದೊಡ್ಡ ಸಂಸ್ಥೆಗಳು ಗಮನಿಸಬೇಕು.

ಅಕ್ಷರದ ಸಮಸ್ಯೆ ಪರಿಹಾರವಾದ ಮೇಲೂ ಆಧಾರದ ಸಮಸ್ಯೆ ಉಳಿಯುತ್ತದೆ. 2003ರ ಜೂನ್‌ನಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು. ಬರೆದುದಕ್ಕೆ ಮುದ್ರಿತ ಅಥವಾ ಪ್ರಕಟಿತ ಆಧಾರ ಬೇಕು. ನಿಯಮ ವಿವೇಕದಿಂದಲೇ ಬಂದದ್ದು. ಅದಿಲ್ಲದಿದ್ದರೆ ವಿಶ್ವಕೋಶ ವದಂತಿಗಳ ಕಣಜವಾಗುತ್ತಿತ್ತು. ಆದರೆ ಅಟ್ಟದ ಕಾಯಿಯ ಸದ್ದನ್ನು ಬಲ್ಲ ಮುದುಕಿಗೆ ಅಡಿಟಿಪ್ಪಣಿ ಎಲ್ಲಿಂದ ಬರಬೇಕು? ಅವಳ ಮಾತನ್ನು ಸಂಶೋಧಕನೊಬ್ಬ ಬರೆದು ಅಚ್ಚು ಮಾಡಿಸಿದರೆ ಅದು ಆಧಾರ. ಅವಳೇ ಹೇಳಿದರೆ ಅಲ್ಲ. ಬೆಂಗಳೂರಿನ ಅಚಲ್ ಪ್ರಭಾಲ 2011ರಲ್ಲಿ ಮಲಯಾಳ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ನಡೆಸಿದ ಪ್ರಯೋಗ ಈ ಗಂಟನ್ನೇ ಬಿಡಿಸಲು ಹೊರಟಿತು. ಹಳ್ಳಿಯ ಆಟ, ಆಚರಣೆಗಳ ಬಗ್ಗೆ ಬಲ್ಲವರ ಮಾತನ್ನು ಧ್ವನಿಮುದ್ರಿಸಿ, ಆ ಮುದ್ರಣವನ್ನೇ ಆಧಾರವಾಗಿ ಕೊಟ್ಟು ಲೇಖನ ಬರೆಯುವುದು ಅದರ ಕ್ರಮ. ಅದನ್ನು ಕುರಿತ ಸಾಕ್ಷ್ಯಚಿತ್ರದ ಹೆಸರಿನ ಭಾವ ‘ಜನರೇ ಜ್ಞಾನ’ ಎಂಬುದಾಗಿತ್ತು. ಪ್ರಯೋಗ ಚರ್ಚೆಯನ್ನು ಹುಟ್ಟಿಸಿತು, ನಿಯಮವನ್ನು ಬದಲಿಸಲಿಲ್ಲ. ಮಾತಿಗೆ ಮಹತ್ತ್ವ ಕೊಡುವ ಮೌಖಿಕ ಪರಂಪರೆಯ ಅಧ್ಯಯನ ಕನ್ನಡ ವಿಶ್ವವಿದ್ಯಾನಿಲಯಗಳಲ್ಲಿ ಐವತ್ತು ವರ್ಷಗಳಿಂದ ನಡೆದಿದೆ. ವಕ್ತೃವಿನ ಮಾತನ್ನು ಎರಡು ಮೂರು ಪಾಠಗಳೊಡನೆ ಹೋಲಿಸಿ ಪ್ರಮಾಣೀಕರಿಸುವ ವಿಧಾನ ಜಾನಪದ ವಿದ್ವಾಂಸರಿಗೆ ಗೊತ್ತು. 2011ರ ಆ ಚರ್ಚೆಗೆ ಕನ್ನಡ ಜಾನಪದ ಅಧ್ಯಯನ ಕೊಡಬಹುದಾಗಿದ್ದ ಉತ್ತರ ಇದು.

ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಮುಕ್ತ ತಂತ್ರಾಂಶ ಬಳಸಿ ತಾವೇ ಪಾಠ ಸಾಮಗ್ರಿ ರಚಿಸುವಂತೆ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ನಡೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಯೋಜನೆಯನ್ನು ಇಲ್ಲಿ ಹೆಸರಿಸಬೇಕು. ಶಿಕ್ಷಕನನ್ನು ಗ್ರಾಹಕನ ಸ್ಥಾನದಿಂದ ಲೇಖಕನ ಸ್ಥಾನಕ್ಕೆ ತಂದದ್ದು ಅದರ ಸಾಧನೆ. ಲಿಪಿಯ ಮಿತಿಯನ್ನು ಮಾತ್ರ ಅದು ದಾಟಲಿಲ್ಲ. ಶಾಲೆಯಾದ್ದರಿಂದ ದಾಟಬೇಕಾಗಿಯೂ ಇರಲಿಲ್ಲ.

ಲಿಪಿಯ ಮಿತಿಯನ್ನೇ ಸಮಸ್ಯೆಯಾಗಿ ಎತ್ತಿಕೊಂಡ ಪ್ರಯತ್ನವೊಂದು ತುಮಕೂರು ಜಿಲ್ಲೆಯಲ್ಲಿಯೇ ನಡೆದಿದೆ; ತೆಂಗಿನ ಮೂರು ತಾಲ್ಲೂಕುಗಳಲ್ಲಲ್ಲ, ಪೂರ್ವಕ್ಕೆ ದೇವರಾಯನದುರ್ಗದ ತಪ್ಪಲಿನ ದುರ್ಗದಹಳ್ಳಿಯಲ್ಲಿ. ಬೆಂಗಳೂರಿನ ಜನಸ್ತು ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆ ಅಲ್ಲಿ ಸಮುದಾಯದ ಒಡೆತನದ ನಿಸ್ತಂತು ಜಾಲವನ್ನು ಕಟ್ಟುವ ಕೆಲಸದಲ್ಲಿ ತೊಡಗಿತು. ಅದಕ್ಕೂ ಮುಂಚಿನ ಅದರ ‘ಅಲಿಪಿ’ ಎಂಬ ತಂತ್ರಾಂಶದ ಹೆಸರೇ ಅದರ ಆಶಯವನ್ನು ಹೇಳುತ್ತದೆ. ಅಂತರಜಾಲದ ಒಂದು ಪುಟವನ್ನು ಓದುಬಾರದವರಿಗಾಗಿ, ಬೇರೆ ನುಡಿಯವರಿಗಾಗಿ, ಬೇರೊಬ್ಬರು ತಮ್ಮ ಮಾತಿನಲ್ಲಿ, ದನಿಯಲ್ಲಿ, ಚಿತ್ರದಲ್ಲಿ ಮರುನಿರೂಪಿಸಿ ಮೂಲದ ಜೊತೆಗೇ ಜೋಡಿಸುವ ಅವಕಾಶವನ್ನು ಅದು ಕಲ್ಪಿಸಿತು. ಆನಂತರದ ‘ಪಾಪಡ್’ ಧ್ವನಿಮುದ್ರಣಗಳಿಗೆ ಟಿಪ್ಪಣಿ ಸೇರಿಸುವ ಸಾಧನ. ಎರಡೂ ಮುಕ್ತ ಆಕರದವು. ಇಲ್ಲಿ ವಿಮರ್ಶಕನಿಗೆ ಮುಖ್ಯವಾಗುವುದು ತಂತ್ರದ ಜಾಣ್ಮೆಯಲ್ಲ. ಅನುವಾದಕ್ಕಿಂತ ಭಿನ್ನವಾದ ‘ಮರುನಿರೂಪಣೆ’ ಎಂಬ ಕಲ್ಪನೆ ಮುಖ್ಯ. ಅನುವಾದದಲ್ಲಿ ಮೂಲಕ್ಕೆ ನಿಷ್ಠೆ ಪ್ರಧಾನ. ಮರುನಿರೂಪಣೆಯಲ್ಲಿ ಕೇಳುವವನ ಅಗತ್ಯ ಪ್ರಧಾನ. ಹರಿಕಥೆ, ಗಮಕ ವ್ಯಾಖ್ಯಾನಗಳನ್ನು ಬಲ್ಲ ಕನ್ನಡಕ್ಕೆ ಇದು ಹೊಸ ವಿಚಾರವೇನಲ್ಲ. ಕೊಬ್ಬರಿ ದರದ ಪಟ್ಟಿಯನ್ನೋ, ಬೆಂಬಲ ಬೆಲೆಯ ನಿಯಮವನ್ನೋ ಊರಿನ ಹೆಣ್ಣುಮಗಳೊಬ್ಬಳು ತನ್ನ ದನಿಯಲ್ಲಿ ಬಿಡಿಸಿ ಹೇಳಿ ಮೂಲದ ಪಕ್ಕದಲ್ಲೇ ಇಡುವುದು ಸಾಧ್ಯವಾದರೆ, ಸರ್ಕಾರಿ ಪುಟ ಆಗ ನಿಜವಾಗಿ ತೆರೆಯುತ್ತದೆ. ಸಣ್ಣ ಪ್ರಮಾಣದ, ಬೆರಳೆಣಿಕೆಯ ಜನರ ಉತ್ಸಾಹವನ್ನು ನೆಚ್ಚಿದ ಇಂಥ ಪ್ರಯೋಗಗಳು ಒಂದು ತಾಲ್ಲೂಕಿನ ಮಟ್ಟಕ್ಕೆ ಹೇಗೆ ಬೆಳೆಯಬೇಕೆಂಬ ಪ್ರಶ್ನೆ ಬೇರೆ, ಅದು ಸಣ್ಣದೂ ಅಲ್ಲ.

ದನಿಯನ್ನು ಮುಕ್ತವಾಗಿ ಪ್ರಕಟಿಸಬಹುದೆಂದು ಆದಾಗ ಹೊಸದೊಂದು ತೊಡಕು ಏಳುತ್ತದೆ. ಚಿಕ್ಕನಾಯಕನಹಳ್ಳಿ, ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯವನ್ನು ಗಣೆ ಎಂಬ ಉದ್ದನೆಯ ಕೊಳಲಿನೊಡನೆ ಹಾಡುತ್ತಾರೆ. ಅದು ಮನರಂಜನೆಯ ಹಾಡಲ್ಲ, ದೈವದ ಕಥನ. ಗಣೆಯನ್ನು ಇಡುವ ಜಾಗಕ್ಕೂ ಹಿಡಿಯುವ ಕೈಗೂ ಮಡಿಯ ಕಟ್ಟಳೆಗಳಿವೆ. ವಿದ್ವಾಂಸರು ಸಂಗ್ರಹಿಸಿದ ಇಂಥ ಕಾವ್ಯಗಳ ಮುದ್ರಿತ ಸಂಪುಟಗಳಲ್ಲಿ ಸಂಗ್ರಹಕಾರರ ಹೆಸರು ಮುಖಪುಟದಲ್ಲಿಯೂ ಹಕ್ಕುಗಳ ಸಾಲಿನಲ್ಲಿಯೂ ಇರುವುದು, ಹಾಡಿದವರ ಹೆಸರು ಅನುಬಂಧಕ್ಕೆ ಸೇರುವುದು ಬಹುಕಾಲದ ರೂಢಿ. ಈಗ ಆ ಸಂಪುಟವನ್ನು ಮುಕ್ತ ಪರವಾನಗಿಗೆ ಒಳಪಡಿಸಲು ಯಾರ ಒಪ್ಪಿಗೆ ಕೇಳಲಾಗುತ್ತದೆ? ಸಂಗ್ರಹಕಾರರದು, ಪ್ರಕಾಶಕರದು. ಹಟ್ಟಿಯದಲ್ಲ. ಹಟ್ಟಿಯವರಿಗೆ ದೊರೆಯುವುದು ತಮ್ಮದೇ ಹಾಡನ್ನು ಯಾರು ಬೇಕಾದರೂ ತಿದ್ದಿ ಮಾರಬಹುದೆಂಬ ಸುದ್ದಿ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಸಮುದಾಯದ ಒಪ್ಪಿಗೆ ಎಂಬ ಮಾತಿನ ಮರೆಯಲ್ಲಿ ಸಮುದಾಯದೊಳಗಿನ ಬಲ್ಲಿದರ ಇಚ್ಛೆಯೇ ಚಲಾವಣೆಯಾಗಬಹುದು. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿ ಗೊಲ್ಲರಹಟ್ಟಿಗಳಿಂದ ಮತ್ತೆ ಮತ್ತೆ ವರದಿಯಾಗಿದೆ. 2017ರ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯಿದೆ ಇಂಥ ಬಲವಂತದ ಪ್ರತ್ಯೇಕತೆಯನ್ನು ಅಪರಾಧವೆಂದು ಎಣಿಸಿದೆ. ಹಟ್ಟಿಯ ಹಿರಿಯರು ಒಪ್ಪದಿದ್ದರೂ ಗುಡಿಸಲಿನಲ್ಲಿದ್ದ ಹೆಣ್ಣುಮಗಳು ತನ್ನ ಅನುಭವವನ್ನು ಹೇಳಲು ಬಯಸಿದರೆ ಅದು ಪ್ರಕಟವಾಗಬೇಕು. ಹಿರಿಯರು ಒಪ್ಪಿದರೂ ಅವಳು ಬೇಡವೆಂದರೆ ಅವಳ ಚಿತ್ರ ಪ್ರಕಟವಾಗಬಾರದು. ಹಾಡಿನ ವಿಷಯದಲ್ಲಿ ಸಮುದಾಯದ ಮಾತು ದೊಡ್ಡದು. ಗಾಯದ ವಿಷಯದಲ್ಲಿ ಗಾಯಗೊಂಡವಳ ಮಾತು ದೊಡ್ಡದು. ಒಂದೇ ಪರವಾನಗಿಯ ಮುದ್ರೆ ಎರಡಕ್ಕೂ ಒಗ್ಗುವುದಿಲ್ಲ.

ಆಸ್ಟ್ರೇಲಿಯದ ಟೆನೆಂಟ್ ಕ್ರೀಕ್‌ನ ವರುಮುಂಗು ಜನರೊಡನೆ ಸೇರಿ ರೂಪಿಸಿದ, 2007ರ ಸುಮಾರಿಗೆ ಬಳಕೆಗೆ ಬಂದ ‘ಮುಕುರ್ತು’ ಎಂಬ ದಾಖಲೆ ವ್ಯವಸ್ಥೆ ಈ ದೃಷ್ಟಿಯಿಂದ ಬೋಧಪ್ರದ. ಅದರ ಆಕರ ಸಂಕೇತ ಪೂರ್ಣ ಮುಕ್ತ. ಅದರೊಳಗಿನ ಸಾಮಗ್ರಿಗೆ ಮಾತ್ರ ಸಮುದಾಯವೇ ಬಾಗಿಲಿಡುತ್ತದೆ: ಇದನ್ನು ಕುಟುಂಬದವರು ನೋಡಬಹುದು, ಇದನ್ನು ಹೆಂಗಸರು ಮಾತ್ರ, ಇದನ್ನು ಎಲ್ಲರೂ ಎಂದು. ಮುಕ್ತ ಆಕರ ಚಳವಳಿಯ ಕಟ್ಟಾ ಅನುಯಾಯಿಗಳಿಗೆ ಇದು ಅಪಚಾರದಂತೆ ತೋರಬಹುದು. ಆದರೆ ಒಳಗೊಳ್ಳುವಿಕೆ ಎಂದರೆ ಕದ ತೆರೆಯುವ ಹಕ್ಕಿನಷ್ಟೇ ಹಾಕಿಕೊಳ್ಳುವ ಹಕ್ಕೂ ಎಂಬುದನ್ನು ಅರಿತು ಮಾಡಿದ ವಿನ್ಯಾಸ ಅದು. ಕನ್ನಡದ ಯಾವುದೇ ಜಾನಪದ ಸಂಗ್ರಹಾಗಾರವೂ ಇಂಥ ವ್ಯವಸ್ಥೆಯನ್ನು ಹಣ ತೆರದೆ ತನ್ನದಾಗಿಸಿಕೊಳ್ಳಬಹುದು.

ಅದಕ್ಕೆ ಕಾನೂನಿನ ಆಧಾರವೂ ಇಲ್ಲದಿಲ್ಲ. ಪರಂಪರೆಯಿಂದ ಬಂದ ಹಾಡಿಗೆ ಕೃತಿಸ್ವಾಮ್ಯವಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಹಾಡುವಿಕೆಗೆ ಹಕ್ಕಿದೆ ಎಂಬುದನ್ನು ಗಮನಿಸಿದವರು ಕಡಿಮೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಸೇರಿದ 38ನೆಯ ಪ್ರಕರಣ ಪ್ರದರ್ಶಕನಿಗೆ ವಿಶೇಷ ಹಕ್ಕನ್ನು ಕೊಟ್ಟಿತು. ಗಾಯಕ, ವಾದಕರ ಜೊತೆಗೆ ದೊಂಬರಾಟದವ, ಹಾವಾಡಿಗನನ್ನೂ ಆ ಕಾಯಿದೆ ಪ್ರದರ್ಶಕನೆಂದು ಹೆಸರಿಸುತ್ತದೆ. ಇಪ್ಪತ್ತೈದು ವರ್ಷಗಳಿದ್ದ ಅವಧಿಯನ್ನು 1999ರಲ್ಲಿ ಐವತ್ತಕ್ಕೆ ಏರಿಸಲಾಯಿತು. 2012ರ ತಿದ್ದುಪಡಿ ತನ್ನ ಪ್ರದರ್ಶನದೊಡನೆ ತನ್ನ ಹೆಸರು ಇರಬೇಕೆಂದು ಕೇಳುವ ಹಕ್ಕನ್ನೂ ಸೇರಿಸಿತು. ಇದರಂತೆ 1996ರಲ್ಲಿ ಹಟ್ಟಿಯೊಂದರಲ್ಲಿ ಗಣೆ ಹಿಡಿದು ಹಾಡಿದವನ ಹಕ್ಕು 2046ರ ಕೊನೆಯವರೆಗೆ ಜೀವಂತ. ಆ ಧ್ವನಿಸುರುಳಿಯನ್ನು ಈಗ ಗಣಕಕ್ಕೆ ಏರಿಸಿ, ಪರವಾನಗಿಯ ನಮೂನೆಯನ್ನು ತುಂಬುವಾಗ ಹಕ್ಕುದಾರರ ಹೆಸರಿನ ಅಂಕಣದಲ್ಲಿ ಸಂಸ್ಥೆಯ ಹೆಸರನ್ನು ಬರೆಯುವುದಕ್ಕೆ ಮೊದಲು, ಸುರುಳಿಯ ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಹಾಡುಗಾರನ ಹೆಸರನ್ನು ಓದಿ, ಅವನ ಹಟ್ಟಿಗೆ ಒಮ್ಮೆ ಹೋಗಿ ಬರಬೇಕಾಗುತ್ತದೆ.